ಚದರ ಮೀಟರ್ ಒಂದನ್ನೇ ನೋಡಿ ಮೀಡಿಯಾ ಕೊಂಡರೆ: ಗಾಳಿಯಿಲ್ಲದ ರಿಯಾಕ್ಟರ್‌ನಲ್ಲಿ ಬಯೋಫಿಲ್ಮ್ ಬೆಳೆಯುವ ಬಗೆ

ತ್ಯಾಜ್ಯನೀರಿನ ಘಟಕಗಳಿಗೆ ಮೀಡಿಯಾ, ಅಂದರೆ ಜೀವಿಗಳು ಅಂಟಿ ಬೆಳೆಯಲೆಂದು ಟ್ಯಾಂಕಿನೊಳಗೆ ತುಂಬುವ ಕಲ್ಲು, ಪ್ಲಾಸ್ಟಿಕ್‌ನಂಥ ವಸ್ತು, ಮಾರುವವರ ಯಾವ ಕರಪತ್ರ ತೆರೆದರೂ ದಪ್ಪಕ್ಷರದಲ್ಲಿ ಕಾಣುವುದು ಒಂದೇ ಅಂಕಿ: ಒಂದು ಘನ ಮೀಟರ್ ಮೀಡಿಯಾದಲ್ಲಿ ಇಷ್ಟು ಚದರ ಮೀಟರ್ ಮೇಲ್ಮೈ. ಗಾಳಿ ಊದುವ ಟ್ಯಾಂಕಿಗೆ ಆ ಅಂಕಿ ನಿಜವಾಗಿಯೂ ಮುಖ್ಯ. ಅಲ್ಲಿ ಆಮ್ಲಜನಕ ಬಯೋಫಿಲ್ಮ್‌ನೊಳಗೆ (ಮೀಡಿಯಾಕ್ಕೆ ಅಂಟಿದ ಜೀವಿಗಳ ಪದರದೊಳಗೆ) ಇಳಿಯುವುದು ಸುಮಾರು 100ರಿಂದ 200 ಮೈಕ್ರಾನ್, ಅಂದರೆ 0.1ರಿಂದ 0.2 ಮಿಲಿಮೀಟರ್, ಆಳದವರೆಗೆ ಮಾತ್ರ. ಅದರ ಕೆಳಗಿನ ಪದರ ಎಷ್ಟೇ ದಪ್ಪವಿದ್ದರೂ ಕೆಲಸಕ್ಕಿಲ್ಲ. ಹಾಗಾಗಿ ಮೇಲ್ಮೈ ಎರಡರಷ್ಟಾದರೆ ಕೆಲಸವೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಗಾಳಿಯಿಲ್ಲದ ರಿಯಾಕ್ಟರ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಒಳಗಿಳಿಯಬೇಕಾದ್ದು ಆಮ್ಲಜನಕವಲ್ಲ, ಕರಗಿದ ಸಾವಯವ ವಸ್ತು. ಅದರ ಸಾಂದ್ರತೆ ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುವ ನೀರಿನಲ್ಲಿ ಒಂದು ಮಿಲಿಮೀಟರ್ ದಪ್ಪದ ಪದರವೂ ತಳದವರೆಗೆ ಜೀವಂತವಾಗಿರಬಲ್ಲದು. ಜತೆಗೆ ಮೀಡಿಯಾಕ್ಕೆ ಅಂಟದೆ ಅದರ ಸಂದುಗಳಲ್ಲಿ ಸಿಕ್ಕಿಕೊಂಡ ಸ್ಲಡ್ಜ್ (ಜೀವಿಗಳು ತುಂಬಿದ ಕೆಸರು) ಕೂಡ ಕೆಲಸ ಮಾಡುತ್ತಿರುತ್ತದೆ. ಎಷ್ಟೋ ಸಲ ಹೆಚ್ಚಿನ ಕೆಲಸ ಅದರದೇ.

ಹೀಗಾಗಿ ಮೀಡಿಯಾವನ್ನು ಎರಡು ಬೇರೆ ಬೇರೆ ಪ್ರಶ್ನೆಗಳ ಮೂಲಕ ನೋಡಬೇಕು. ಅದರ ಮೇಲ್ಮೈಯ ಗುಣ, ಅಂದರೆ ಒರಟುತನ, ವಿದ್ಯುದಾವೇಶ, ನೀರನ್ನು ಒಲ್ಲದ ಸ್ವಭಾವ, ಮೊದಲ ಕೆಲವು ವಾರ ಅಥವಾ ತಿಂಗಳುಗಳ ಮಟ್ಟಿಗೆ ನಿರ್ಣಾಯಕ. ಅದರ ಆಕಾರ, ಖಾಲಿ ಜಾಗ ಮತ್ತು ತೂಕ ಉಳಿದ ವರ್ಷಗಳೆಲ್ಲ ನಿರ್ಣಾಯಕ. ಪ್ರಯೋಗಾಲಯದ ವರದಿಗಳು ಬಹುಪಾಲು ಮೊದಲನೆಯದನ್ನೇ ಅಳೆಯುತ್ತವೆ. ಘಟಕಗಳು ಕೆಡುವುದು ಬಹುಪಾಲು ಎರಡನೆಯದರಿಂದ.

ನಿಧಾನವಾಗಿ ಬೆಳೆಯುವವರನ್ನು ಹಿಡಿದಿಡುವ ಕೆಲಸ

ಗಾಳಿಯಿಲ್ಲದ ಜೀರ್ಣಕ್ರಿಯೆ ಒಂದು ಸರಪಳಿ. ದೊಡ್ಡ ಅಣುಗಳನ್ನು ಒಡೆಯುವವರು, ಅವನ್ನು ಆಮ್ಲಗಳಾಗಿ ಮಾಡುವವರು, ಆ ಆಮ್ಲಗಳನ್ನು ಆಸಿಟೇಟ್ (ವಿನೆಗರ್‌ನಲ್ಲಿರುವ ಆಮ್ಲದ ರೂಪ) ಮತ್ತು ಹೈಡ್ರೋಜನ್‌ಗೆ ಇಳಿಸುವವರು, ಕೊನೆಗೆ ಅದರಿಂದ ಮೀಥೇನ್ ಮಾಡುವವರು. ಆಮ್ಲ ಉತ್ಪಾದಕರು ಗಂಟೆಗಳಲ್ಲಿ ದ್ವಿಗುಣಗೊಳ್ಳುತ್ತಾರೆ. ಆಸಿಟೇಟ್ ತಿಂದು ಮೀಥೇನ್ ಮಾಡುವ ಮೆಥನೊಸಾರ್ಸಿನಾಕ್ಕೆ ಒಂದೆರಡು ದಿನ ಬೇಕು. ಮೆಥನೊಸೀಟಾ ಎಂಬ ಹೆಸರಿನಲ್ಲೂ ಗುರುತಿಸುವ ಮೆಥನೊಥ್ರಿಕ್ಸ್‌ಗೆ ನಾಲ್ಕರಿಂದ ಏಳು ದಿನ. ಆದರೆ ಆಸಿಟೇಟ್ ತೀರಾ ಕಡಿಮೆಯಿದ್ದಾಗಲೂ ಅದನ್ನು ಹೀರಿಕೊಳ್ಳಬಲ್ಲದ್ದು ಮೆಥನೊಥ್ರಿಕ್ಸ್ ಮಾತ್ರ. ಹೊರಹೋಗುವ ನೀರು ಸ್ವಚ್ಛವಾಗಿರಬೇಕಾದರೆ ಅದೇ ಬೇಕು. ಇನ್ನೊಂದು ತೊಡಕೆಂದರೆ, ಈ ಇಡೀ ಸಮುದಾಯ ಒಂದು ಗ್ರಾಂ ಸಿಓಡಿ (ನೀರಿನ ಸಾವಯವ ವಸ್ತುವನ್ನು, ಅದನ್ನು ಪೂರ್ತಿ ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಲೆಕ್ಕದಲ್ಲಿ ಹೇಳುವ ಅಳತೆ) ತಿಂದು ಬೆಳೆಯುವುದು 0.05ರಿಂದ 0.1 ಗ್ರಾಂ ಮಾತ್ರ. ಗಾಳಿಯಿರುವ ಟ್ಯಾಂಕಿನಲ್ಲಿ ಅದು 0.4ರ ಆಸುಪಾಸು. ಕಳೆದುಕೊಂಡ ಸ್ಲಡ್ಜ್ ಮರಳಿ ಬೆಳೆಯಲು ತಿಂಗಳುಗಳೇ ಹಿಡಿಯುವುದು ಇದರಿಂದ.

ನೀರು ಹನ್ನೆರಡು ಗಂಟೆಯಲ್ಲಿ ಹೊರಹೋಗಬೇಕು, ಜೀವಿ ಮೂವತ್ತು ದಿನಕ್ಕೂ ಹೆಚ್ಚು ಒಳಗಿರಬೇಕು. ಈ ಎರಡು ಅವಧಿಗಳನ್ನು ಒಂದರಿಂದೊಂದು ಬೇರ್ಪಡಿಸುವ ಉಪಾಯವಾಗಿ 1969ರಲ್ಲಿ ಯಂಗ್ ಮತ್ತು ಮೆಕಾರ್ಟಿ ಕಲ್ಲು ತುಂಬಿದ ಆಮ್ಲಜನಕರಹಿತ ಫಿಲ್ಟರನ್ನು ವಿವರಿಸಿದರು. ಎಪ್ಪತ್ತರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಲೆಟಿಂಗಾ ಅವರ ತಂಡ ಮೀಡಿಯಾವೇ ಇಲ್ಲದ, ಸ್ಲಡ್ಜ್ ಹಾಸಿನ ಮೂಲಕ ನೀರು ಕೆಳಗಿನಿಂದ ಮೇಲೆ ಹರಿಯುವ ಯುಎಎಸ್‌ಬಿ ಎಂಬ ರಿಯಾಕ್ಟರ್ ರೂಪಿಸಿತು. ಅಲ್ಲಿ ಜೀವಿಗಳು ತಮ್ಮಷ್ಟಕ್ಕೆ ಉಂಡೆಗಟ್ಟುತ್ತವೆ. ಯುಎಎಸ್‌ಬಿ ಯಶಸ್ಸು ಕಂಡವರು ಮೀಡಿಯಾ ಏಕೆ ಬೇಕು ಎಂದು ಕೇಳುವುದು ಸಹಜ. ಉಂಡೆಗಟ್ಟದ ತ್ಯಾಜ್ಯಗಳಿವೆ, ಆರಂಭಕ್ಕೆ ಹಾಕಲು ಬೀಜದ ಉಂಡೆ ಸಿಗದ ಜಾಗಗಳಿವೆ, ಹಂಗಾಮಿಗೆ ತಕ್ಕಂತೆ ನಿಂತು ಹೊರಡುವ ಕಾರ್ಖಾನೆಗಳಿವೆ. ಅಲ್ಲೆಲ್ಲ ಮೀಡಿಯಾ ಉಪಯೋಗಕ್ಕೆ ಬರುತ್ತದೆ.

ಅಂಟುವ ಹಂತ

ಹೊಸ ಮೀಡಿಯಾವನ್ನು ತ್ಯಾಜ್ಯನೀರಿಗೆ ಇಳಿಸಿದ ಕೆಲವೇ ನಿಮಿಷಗಳಲ್ಲಿ ಪ್ರೋಟೀನು, ಸಕ್ಕರೆ, ಕೊಳೆತ ಸಸ್ಯವಸ್ತುವಿನಿಂದ ಬಂದ ಹ್ಯೂಮಿಕ್ ಅಣುಗಳ ತೆಳು ಲೇಪ ಅದರ ಮೇಲೆ ಕೂರುತ್ತದೆ. ಜೀವಕೋಶ ಮುಟ್ಟುವುದು ಈ ಲೇಪವನ್ನು, ಮೂಲ ಪ್ಲಾಸ್ಟಿಕ್ಕನ್ನೋ ಗಾಜನ್ನೋ ಅಲ್ಲ. ಬೇರೆ ಬೇರೆ ಪಾಲಿಮರ್‌ಗಳ ನಡುವೆ ಶುದ್ಧ ನೀರಿನಲ್ಲಿ ಕಾಣುವ ದೊಡ್ಡ ವ್ಯತ್ಯಾಸ ನಿಜವಾದ ತ್ಯಾಜ್ಯನೀರಿನಲ್ಲಿ ಎಷ್ಟೋ ಪಾಲು ಮಸುಕಾಗಲು ಇದೊಂದು ಕಾರಣ.

ತಟಸ್ಥ ಪಿಎಚ್‌ನಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾಗಳ ಮೇಲ್ಮೈ ಋಣಾವೇಶದ್ದು, ಹೆಚ್ಚಿನ ಮೀಡಿಯಾದ್ದೂ ಅಷ್ಟೇ. ಕೋಶ ಹತ್ತಿರ ಬಂದಂತೆ ವಿಕರ್ಷಣೆ ಹೆಚ್ಚುತ್ತದೆ. ಕೆಲವು ನ್ಯಾನೊಮೀಟರ್ ದೂರದಲ್ಲಿ ಆಕರ್ಷಣೆ ಮೇಲುಗೈಯಾಗುವ ಒಂದು ದುರ್ಬಲ ನೆಲೆಯಲ್ಲಿ ಕೋಶ ನಿಲ್ಲುತ್ತದೆ. ಸಣ್ಣ ಹರಿವೂ ಅದನ್ನು ಅಲ್ಲಿಂದ ಕೀಳಬಲ್ಲದು. ಕೀಳುವ ಮೊದಲು ಅದು ಅಂಟಿನಂಥ ಪಾಲಿಮರ್ ಸ್ರವಿಸಿದರೆ ಉಳಿಯಿತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಇದ್ದಲ್ಲಿ ವಿಕರ್ಷಣೆ ಕುಗ್ಗಿ ಅಂಟು ಬಿಗಿಯಾಗುತ್ತದೆ. ತೀರಾ ಮೆದು ನೀರಿನಲ್ಲಿ ಬಯೋಫಿಲ್ಮ್ ಸಡಿಲವಾಗಿರುವುದು ಇದರಿಂದ.

ಒರಟುತನ ಇಲ್ಲಿ ಮಾಡುವ ಮುಖ್ಯ ಉಪಕಾರ ಮೇಲ್ಮೈ ಹೆಚ್ಚಿಸುವುದಲ್ಲ, ಮರೆ ಕೊಡುವುದು. ಒಂದು ಮೈಕ್ರಾನ್ ಆಸುಪಾಸಿನ ಕೋಶಕ್ಕೆ ಕೆಲವು ಮೈಕ್ರಾನ್‌ನಿಂದ ಹಲವು ಹತ್ತು ಮೈಕ್ರಾನ್‌ವರೆಗಿನ ಗುಳಿ ಬೇಕು. ಅದಕ್ಕಿಂತ ಬಹಳ ಸಣ್ಣದಾದರೆ ಒಳಗೆ ಹೋಗಲಾಗದು, ಬಹಳ ದೊಡ್ಡದಾದರೆ ಹರಿವು ಅಲ್ಲಿಗೂ ತಲುಪುತ್ತದೆ. ಆಕ್ಟಿವೇಟೆಡ್ ಕಾರ್ಬನ್ ಎಂಬ ರಂಧ್ರಮಯ ಇದ್ದಿಲಿನ ವಿಷಯದಲ್ಲಿ ಕರಪತ್ರಗಳು ಹೇಳುವ ಗ್ರಾಮಿಗೆ 1,000 ಚದರ ಮೀಟರ್ ಎಂಬ ಸಂಖ್ಯೆ ಜೀವಿಗಳ ಮಟ್ಟಿಗೆ ಅರ್ಥಹೀನ. ಆ ಮೇಲ್ಮೈಯ ಬಹುಭಾಗ ಇರುವುದು 2 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳಲ್ಲಿ. ಬ್ಯಾಕ್ಟೀರಿಯಾ ಅದರ ಐನೂರು ಪಟ್ಟು ದೊಡ್ಡದು. ಕಾರ್ಬನ್‌ನಿಂದ ಲಾಭವಾಗುವುದು ನಿಜ. ಆದರೆ ಅದು ಬರುವುದು ಹರಳಿನ ಹೊರಮೈಯ ಒರಟು ಬಿರುಕುಗಳಿಂದ ಮತ್ತು ವಿಷಕಾರಿ ಅಣುಗಳನ್ನು ತಾತ್ಕಾಲಿಕವಾಗಿ ಹೀರಿ ಹಿಡಿದು ಮೆಲ್ಲಗೆ ಬಿಡುವ ಗುಣದಿಂದ.

ಆಮ್ಲ ಉತ್ಪಾದಕರಲ್ಲಿ ಹೆಚ್ಚಿನವು ನೀರನ್ನು ಒಪ್ಪುವ ಮೇಲ್ಮೈಯುಳ್ಳವು. ಆಸಿಟೇಟ್ ಉತ್ಪಾದಕರು ಮತ್ತು ಮೀಥೇನ್ ಉತ್ಪಾದಕರಲ್ಲಿ ಹೆಚ್ಚಿನವು ನೀರನ್ನು ಒಲ್ಲದವು. ನೀರನ್ನು ಒಲ್ಲದ ಮೀಡಿಯಾ ಮೀಥೇನ್ ಉತ್ಪಾದಕರಿಗೆ ಅನುಕೂಲ ಎಂಬ ವಾದ ಇಲ್ಲಿಂದ ಬಂತು. ವಾದ ಸರಿಯೇ. ಆದರೆ ಒರಟುತನವಿಲ್ಲದೆ ಅದೊಂದೇ ಸಾಲದು: ನಯವಾದ ಪಿವಿಸಿ ಕೂಡ ನೀರನ್ನು ಒಲ್ಲದ ವಸ್ತುವೇ, ಹಾಗಿದ್ದೂ ಅದರ ಮೇಲೆ ಪದರ ಕಟ್ಟುವುದು ನಿಧಾನ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಮೇಲಿನಿಂದ ಕೆಳಗೆ ಹರಿಯುವ ರಿಯಾಕ್ಟರ್‌ಗಳಲ್ಲಿ ಸುಟ್ಟ ಜೇಡಿಮಣ್ಣು, ಸೂಜಿಯಿಂದ ಹೆಣೆದ ಪಾಲಿಯೆಸ್ಟರ್, ಪಿವಿಸಿ, ಗಾಜು ಇವನ್ನೆಲ್ಲ ಹೋಲಿಸಿದಾಗ ಜೇಡಿಮಣ್ಣು ಮತ್ತು ಪಾಲಿಯೆಸ್ಟರ್ ಮುಂದಿದ್ದವು, ಗಾಜು ಮತ್ತು ಪಿವಿಸಿ ಹಿಂದುಳಿದವು. ಜೇಡಿಮಣ್ಣು ನೀರನ್ನು ಒಪ್ಪುವ ವಸ್ತು, ಪಾಲಿಯೆಸ್ಟರ್ ಅಷ್ಟಾಗಿ ಒಪ್ಪದ್ದು. ಎರಡಕ್ಕೂ ಸಮಾನವಾದದ್ದು ಮರೆಯಿರುವ ಒರಟು ಮೈ. ಜೇಡಿಮಣ್ಣಿನಿಂದ ಬಿಡುಗಡೆಯಾಗುವ ಕಬ್ಬಿಣದಂಥ ಖನಿಜಗಳೂ ನೆರವಾಗಿರಬಹುದು ಎಂಬ ವಿವರಣೆಯೂ ಇದೆ.

ಹೋಲಿಕೆ ಮಾಡಿದ್ದು ಕೆಳಮುಖ ಹರಿವಿನಲ್ಲಿ ಎಂಬುದನ್ನು ಮರೆಯಬಾರದು. ಕೆಳಮುಖ ಹರಿವಿನಲ್ಲಿ ಅಂಟದ ಸ್ಲಡ್ಜ್ ನೀರಿನೊಂದಿಗೇ ಹೊರಟುಹೋಗುತ್ತದೆ; ಅಂಟಿದ್ದಷ್ಟೇ ಬಂಡವಾಳ. ಆದ್ದರಿಂದ ಅಲ್ಲಿ ಮೇಲ್ಮೈಯ ಗುಣ ಎದ್ದು ಕಾಣುತ್ತದೆ. ಮೇಲ್ಮುಖ ಹರಿವಿನ ಫಿಲ್ಟರ್‌ಗೆ ಅದೇ ತೀರ್ಮಾನವನ್ನು ಎತ್ತಿ ಹಾಕಿದರೆ ತಪ್ಪುತ್ತದೆ.

ಕಲ್ಲೋ ಪ್ಲಾಸ್ಟಿಕ್ಕೋ: ಒಂದು ಲೆಕ್ಕ

ದಿನಕ್ಕೆ 100 ಘನ ಮೀಟರ್ ನೀರು, ಲೀಟರಿಗೆ 5,000 ಮಿಲಿಗ್ರಾಂ ಸಿಓಡಿ. ಅಂದರೆ ದಿನಕ್ಕೆ 500 ಕಿಲೋ. ಟ್ಯಾಂಕಿನ ಒಂದು ಘನ ಮೀಟರಿಗೆ ದಿನಕ್ಕೆ 5 ಕಿಲೋ ಸಿಓಡಿ ಲೋಡ್ ಹಿಡಿದರೆ 100 ಘನ ಮೀಟರ್ ಟ್ಯಾಂಕ್ ಬೇಕು. ಶೇ. 80ರಷ್ಟು ತೆಗೆದರೆ, ಒಂದು ಕಿಲೋ ಸಿಓಡಿಗೆ 0.35 ಘನ ಮೀಟರ್ ಲೆಕ್ಕದಲ್ಲಿ, ದಿನಕ್ಕೆ 140 ಘನ ಮೀಟರ್ ಮೀಥೇನ್ (ಶೂನ್ಯ ಡಿಗ್ರಿ, ಸಾಮಾನ್ಯ ಒತ್ತಡದಲ್ಲಿ).

ಈಗ ಟ್ಯಾಂಕಿಗೆ 40 ಮಿಲಿಮೀಟರಿನ ಜಲ್ಲಿ ತುಂಬಿ ನೋಡಿ. ಸಂದಿನ ಪಾಲು ಶೇ. 45. ಕಲ್ಲನ್ನು ಗುಂಡೆಂದು ಭಾವಿಸಿದರೆ ಮೇಲ್ಮೈ ಘನ ಮೀಟರಿಗೆ ಸುಮಾರು 80 ಚದರ ಮೀಟರ್. ನೀರಿಗೆ ಉಳಿದ ಜಾಗ 45 ಘನ ಮೀಟರ್; ನೀರು ಒಳಗಿರುವ ಅವಧಿ 24 ಗಂಟೆಯಿಂದ ಸುಮಾರು 11 ಗಂಟೆಗೆ ಇಳಿಯಿತು. ಅಡ್ಡಡ್ಡ ಓರೆ ನಾಳಗಳ ಪ್ಲಾಸ್ಟಿಕ್ ಮಾಡ್ಯೂಲ್ ಹಾಕಿದರೆ ಮೇಲ್ಮೈ ಘನ ಮೀಟರಿಗೆ 100 ಚದರ ಮೀಟರ್, ಸಂದು ಶೇ. 95, ಅವಧಿ 22.8 ಗಂಟೆ. ಮೇಲ್ಮೈಯಲ್ಲಿ ಕಾಲು ಭಾಗದ ವ್ಯತ್ಯಾಸ, ಅವಧಿಯಲ್ಲಿ ಎರಡು ಪಟ್ಟಿನದು. ಕರಪತ್ರದ ಅಂಕಿ ಮೊದಲನೆಯದನ್ನಷ್ಟೇ ತೋರಿಸುತ್ತದೆ.

ವೇಗವನ್ನೂ ನೋಡಬೇಕು. ಟ್ಯಾಂಕಿನ ಎತ್ತರ 5 ಮೀಟರ್ ಎಂದರೆ ಅಡ್ಡಕೊಯ್ತ 20 ಚದರ ಮೀಟರ್. ಬರುವ ನೀರಿನ ನಾಲ್ಕರಷ್ಟನ್ನು ಮರಳಿ ತಿರುಗಿಸಿದರೆ ಖಾಲಿ ಟ್ಯಾಂಕಿನ ಲೆಕ್ಕದಲ್ಲಿ ವೇಗ ಗಂಟೆಗೆ ಸುಮಾರು 1 ಮೀಟರ್. ಪ್ಲಾಸ್ಟಿಕ್ ಮೀಡಿಯಾದ ಸಂದಿನಲ್ಲಿ ಅದು 1.1, ಜಲ್ಲಿಯ ಸಂದಿನಲ್ಲಿ 2.3. ಗಂಟೆಗೆ ಒಂದೂವರೆ ಮೀಟರ್ ವೇಗದಲ್ಲಿ ಕೆಳಗಿಳಿಯುವ ಸ್ಲಡ್ಜ್ ಚೂರು ಮೊದಲನೆಯದರಲ್ಲಿ ಉಳಿಯುತ್ತದೆ, ಎರಡನೆಯದರಲ್ಲಿ ಹೊರಹೋಗುತ್ತದೆ. 60 ಡಿಗ್ರಿ ಓರೆಯ ನಾಳಗಳಿದ್ದರೆ ಅವು ಪ್ಲೇಟ್ ಸೆಟ್ಲರ್‌ನಂತೆ ವರ್ತಿಸುತ್ತವೆ: ಚೂರು ನಾಳದ ಕೆಳಗೋಡೆಗೆ ಬಡಿದು, ಕೂಡಿ, ಜಾರಿ ಕೆಳಗೆ ಬರುತ್ತದೆ, ಗ್ಯಾಸ್ ಗುಳ್ಳೆ ಮೇಲ್ಗೋಡೆ ಹಿಡಿದು ಏರುತ್ತದೆ. ಮೇಲ್ಮೈ ಅಷ್ಟೇ ಇದ್ದು ನೇರ ಲಂಬ ನಾಳಗಳಿದ್ದರೆ ಈ ಬೇರ್ಪಡಿಕೆ ಆಗುವುದಿಲ್ಲ.

ಬಯೋಫಿಲ್ಮ್‌ನ ಪಾಲೆಷ್ಟು? 100 ಚದರ ಮೀಟರ್ ಮೇಲೆ 1 ಮಿಲಿಮೀಟರ್ ದಪ್ಪದ ಪದರ ಕಟ್ಟಿದರೆ ಅದು 0.1 ಘನ ಮೀಟರ್. ಪದರದ ಒಂದು ಘನ ಮೀಟರಿನಲ್ಲಿ 30ರಿಂದ 50 ಕಿಲೋ ಒಣ ಜೈವಿಕ ವಸ್ತುವಿದೆ ಎಂದರೆ, ರಿಯಾಕ್ಟರ್‌ನ ಪ್ರತಿ ಘನ ಮೀಟರಿಗೆ ಅಂಟಿದ್ದು 3ರಿಂದ 5 ಕಿಲೋ. ಸಂದುಗಳಲ್ಲಿ ಸಿಕ್ಕಿಕೊಂಡ ಸ್ಲಡ್ಜ್ ಇದನ್ನು ಮೀರುವುದು ಮೇಲ್ಮುಖ ಫಿಲ್ಟರ್‌ಗಳಲ್ಲಿ ಮಾಮೂಲು, ಅದರಲ್ಲೂ ಕೆಳಗಿನ ಮೂರನೇ ಒಂದು ಭಾಗದಲ್ಲಿ. ತಳದ ಭಾಗಕ್ಕೆ ಮೀಡಿಯಾ ಹಾಕದೆ ಸ್ಲಡ್ಜ್‌ಗೆ ಬಿಟ್ಟು ಮೇಲಿನ ಭಾಗಕ್ಕಷ್ಟೇ ಮೀಡಿಯಾ ಇಡುವ ಹೈಬ್ರಿಡ್ ವಿನ್ಯಾಸ ಬಂದದ್ದು ಈ ಕಾರಣಕ್ಕೆ. ದುಡ್ಡೂ ಉಳಿಯುತ್ತದೆ, ಸಂದು ಮುಚ್ಚಿ ಕಟ್ಟಿಕೊಳ್ಳುವ ಅಪಾಯ ಹೆಚ್ಚಿರುವ ಜಾಗದಲ್ಲಿ ಕಟ್ಟಿಕೊಳ್ಳಲು ಏನೂ ಇರುವುದಿಲ್ಲ. ಕರಗದ ಘನವಸ್ತು ಹೆಚ್ಚಿರುವ ನೀರಿಗೆ ಇಡೀ ಟ್ಯಾಂಕ್ ತುಂಬಿದ ಫಿಲ್ಟರ್‌ಗಿಂತ ಇದನ್ನೇ ಆರಿಸುವುದು ಜಾಣತನ.

ಮರಳಿನ ಹರಳಿಗೆ ಪದರ ಕಟ್ಟಿದಾಗ

ಮೇಲ್ಮೈಯ ಅಂಕಿ ನಿಜವಾಗಿ ಕೆಲಸಕ್ಕೆ ಬರುವ ಒಂದು ಜಾಗವಿದೆ: ಫ್ಲೂಯಿಡೈಸ್ಡ್ ಬೆಡ್. ಅಲ್ಲಿ 0.2ರಿಂದ 0.5 ಮಿಲಿಮೀಟರಿನ ಮರಳು ಅಥವಾ ಕಾರ್ಬನ್ ಹರಳನ್ನು ಕೆಳಗಿನಿಂದ ಬರುವ ನೀರು ಎತ್ತಿ ಹಿಡಿಯುತ್ತದೆ. ಹರಿವು ಬಿರುಸಾದ್ದರಿಂದ ಸಂದಿನ ಸ್ಲಡ್ಜ್ ನಿಲ್ಲುವುದಿಲ್ಲ. ಹರಳಿಗೆ ಅಂಟಿದ್ದೇ ಎಲ್ಲ. ಘನ ಮೀಟರಿಗೆ 2,000ದಿಂದ 3,000 ಚದರ ಮೀಟರ್ ಸಿಗುವುದು ಕಷ್ಟವಲ್ಲ. 0.1 ಮಿಲಿಮೀಟರ್ ಪದರವೇ ಕಲ್ಲಿನ ಫಿಲ್ಟರ್‌ನ ಹಲವು ಪಟ್ಟು ಜೈವಿಕ ವಸ್ತು ಹಿಡಿಯುತ್ತದೆ.

ತೊಂದರೆ ಶುರುವಾಗುವುದು ಪದರ ಚೆನ್ನಾಗಿ ಬೆಳೆದ ಮೇಲೆ. 0.3 ಮಿಲಿಮೀಟರಿನ ಮರಳಿನ ಹರಳಿಗೆ ಸುತ್ತಲೂ 0.1 ಮಿಲಿಮೀಟರ್ ಪದರ ಕಟ್ಟಿತೆನ್ನಿ. ವ್ಯಾಸ 0.5 ಆಯಿತು, ಗಾತ್ರ 4.6 ಪಟ್ಟಾಯಿತು. ಮರಳಿನ ಸಾಂದ್ರತೆ 2.65, ಪದರದ್ದು 1.02 ಎಂದರೆ ಇಡೀ ಹರಳಿನ ಸಾಂದ್ರತೆ 1.37ಕ್ಕೆ ಇಳಿಯುತ್ತದೆ. ನೀರಿಗಿಂತ 1.65ರಷ್ಟು ಭಾರವಾಗಿದ್ದದ್ದು ಈಗ 0.37ರಷ್ಟು ಮಾತ್ರ ಭಾರ. ಪದರ 0.2 ಮಿಲಿಮೀಟರ್ ಆದರೆ ಸಾಂದ್ರತೆ 1.15. ಪಂಪಿನ ವೇಗ ಅದೇ ಇದ್ದರೂ ಹಾಸು ತಾನಾಗಿ ಹಿಗ್ಗುತ್ತಾ ಹೋಗುತ್ತದೆ. ದಪ್ಪ ಪದರದ ಹರಳುಗಳು ಮೇಲೆ ಸೇರಿ ಕೊನೆಗೆ ಹೊರಹರಿವಿನ ಪೈಪ್ ಸೇರುತ್ತವೆ. ಹೀಗೆ ಮೊದಲು ಹೊರಬೀಳುವುದು ಅತಿ ಹೆಚ್ಚು ಜೀವಿಗಳನ್ನು ಹೊತ್ತ ಹರಳುಗಳೇ.

ಇದಕ್ಕೆ ಮದ್ದು ಮೂರು. ಹಾಸಿನ ಎತ್ತರವನ್ನು ನಿತ್ಯ ಗುರುತಿಸಿ, ಮೇಲೆ ಬಂದ ಹರಳನ್ನು ಹೊರತೆಗೆದು ಉಜ್ಜಿ ಪದರ ತೆಳುಮಾಡಿ ಮರಳಿ ಹಾಕುವುದು ಒಂದು. ಮೇಲ್ಭಾಗವನ್ನು ಅಗಲಿಸಿ ವೇಗ ತಗ್ಗಿಸುವುದು ಇನ್ನೊಂದು. ಮೂರನೆಯದು ಒಂದೇ ಅಳತೆಯ ಹರಳನ್ನು ಕೊಳ್ಳುವುದು. ಸಣ್ಣ ದೊಡ್ಡ ಬೆರೆತ ಮರಳು ಕೊಂಡರೆ ಸಣ್ಣದು ಮೊದಲ ದಿನದಿಂದಲೇ ಮೇಲೆ, ದೊಡ್ಡದು ತಳದಲ್ಲಿ ಕದಲದೆ ಕೂರುತ್ತದೆ. ಕಾರ್ಬನ್ ಹಗುರವಾದ್ದರಿಂದ ಎತ್ತಲು ಕಡಿಮೆ ವೇಗ, ಹಾಗಾಗಿ ಕಡಿಮೆ ಕರೆಂಟು ಸಾಕು, ಮೈಯೂ ಒರಟು. ಆದರೆ ಅದು ಸವೆಯುತ್ತದೆ, ಮರಳಿಗಿಂತ ಬೇಗ ತೇಲಿಹೋಗುತ್ತದೆ. ಆರಂಭಕ್ಕೆ ಕಾರ್ಬನ್ ಮೇಲು, ದೀರ್ಘಕಾಲದ ನಿರ್ವಹಣೆಗೆ ಎಚ್ಚರ ಹೆಚ್ಚು ಬೇಕು.

ತೇಲಾಡುವ ಪ್ಲಾಸ್ಟಿಕ್ ಚಕ್ರಗಳನ್ನು, ಉದಾಹರಣೆಗೆ ಸುಮಾರು 9 ಮಿಲಿಮೀಟರ್ ವ್ಯಾಸದ, ಘನ ಮೀಟರಿಗೆ 500 ಚದರ ಮೀಟರ್ ರಕ್ಷಿತ ಮೇಲ್ಮೈಯ ಕೆ1 ಬಗೆಯವನ್ನು, ಗಾಳಿಯಿರುವ ಟ್ಯಾಂಕಿನಿಂದ ಎತ್ತಿ ಇಲ್ಲಿಗೆ ತಂದವರು ಒಂದು ಸಂಗತಿ ಗಮನಿಸಬೇಕು. ಅಲ್ಲಿ ಊದುವ ಗಾಳಿಯೇ ಅವನ್ನು ಕಲಕುತ್ತದೆ. ಇಲ್ಲಿ ಕಲಕಲು ಮಿಕ್ಸರ್ ಬೇಕು. ಬಿರುಸಾಗಿ ಕಲಕಿದರೆ ಎಳೆಯ ಪದರ ಕಿತ್ತುಬರುತ್ತದೆ, ಕಲಕದಿದ್ದರೆ ಚಕ್ರಗಳು ಗ್ಯಾಸ್ ಹಿಡಿದು ಮೇಲೆ ಚಾಪೆಗಟ್ಟುತ್ತವೆ. ಪಾಲಿಯುರೆಥೇನ್ ಸ್ಪಂಜಿನ ಸಂದು ಶೇ. 95ಕ್ಕೂ ಹೆಚ್ಚು, ಜೀವಿಗಳನ್ನು ಬಲು ಬೇಗ ಹಿಡಿಯುತ್ತದೆ. ಅದರ ದೌರ್ಬಲ್ಯವೂ ಅದೇ: ಒಳಗೆ ತುಂಬಿಕೊಂಡು ನಡುಭಾಗಕ್ಕೆ ಆಹಾರ ತಲುಪದಾಗುತ್ತದೆ, ಮೇಲಿನ ಹಾಸಿನ ಭಾರಕ್ಕೆ ಕೆಳಗಿನದು ಅಪ್ಪಚ್ಚಿಯಾಗುತ್ತದೆ.

ವಿದ್ಯುತ್ ಹರಿಸುವ ಮೀಡಿಯಾ: ಎಷ್ಟು ನಂಬಬಹುದು

ಈಚಿನ ವರ್ಷಗಳಲ್ಲಿ ಅತಿ ಹೆಚ್ಚು ಬರಹ ಬರುತ್ತಿರುವುದು ಕಾರ್ಬನ್, ಬಯೋಚಾರ್ (ಸಸ್ಯವಸ್ತುವಿನ ಇದ್ದಿಲು), ಮ್ಯಾಗ್ನೆಟೈಟ್ (ಒಂದು ಕಬ್ಬಿಣದ ಖನಿಜ), ಕಾರ್ಬನ್ ಬಟ್ಟೆಯಂಥ ವಿದ್ಯುದ್ವಾಹಕ ವಸ್ತುಗಳ ಬಗ್ಗೆ. ಹಿನ್ನೆಲೆ ಹೀಗಿದೆ. ಸರಪಳಿಯ ನಡುವೆ ಬರುವ ಆಮ್ಲಗಳಲ್ಲೊಂದಾದ ಪ್ರೊಪಿಯೊನೇಟ್ ಒಡೆಯಬೇಕಾದರೆ ಹೈಡ್ರೋಜನ್‌ನ ಒತ್ತಡ ವಾಯುಮಂಡಲದ ಹತ್ತು ಸಾವಿರದಲ್ಲಿ ಒಂದಂಶಕ್ಕಿಂತ ಕೆಳಗಿರಬೇಕು. ಅಂದರೆ ಹೈಡ್ರೋಜನ್ ಬಿಡುವವರ ಪಕ್ಕದಲ್ಲೇ ಅದನ್ನು ತಿನ್ನುವವರು ಇರಬೇಕು. ಬಯೋಫಿಲ್ಮ್‌ನ ಒಂದು ದೊಡ್ಡ ಉಪಕಾರ ಈ ನೆರೆಹೊರೆ. ಹೈಡ್ರೋಜನ್‌ನ ಹಂಗಿಲ್ಲದೆ ಎಲೆಕ್ಟ್ರಾನುಗಳನ್ನೇ ನೇರವಾಗಿ ದಾಟಿಸುವ ಬ್ಯಾಕ್ಟೀರಿಯಾ ಜೋಡಿಯನ್ನು, ಎರಡು ಜಿಯೊಬ್ಯಾಕ್ಟರ್ ಪ್ರಭೇದಗಳನ್ನು, 2010ರಲ್ಲಿ ವರದಿ ಮಾಡಲಾಯಿತು. 2012ರಲ್ಲಿ ಹರಳು ರೂಪದ ಆಕ್ಟಿವೇಟೆಡ್ ಕಾರ್ಬನ್ ಈ ದಾಟುವಿಕೆಗೆ ತಂತಿಯ ಕೆಲಸ ಮಾಡುತ್ತದೆಂದೂ, 2014ರಲ್ಲಿ ಮೆಥನೊಥ್ರಿಕ್ಸ್ ಹೀಗೆ ಬಂದ ಎಲೆಕ್ಟ್ರಾನಿನಿಂದ ಮೀಥೇನ್ ಮಾಡುತ್ತದೆಂದೂ ತೋರಿಸಲಾಯಿತು.

ಎರಡೇ ಜಾತಿಯ ಜೀವಿಗಳಿರುವ ಬಾಟಲಿಯಲ್ಲಿ ಇದು ಗಟ್ಟಿ ಸಾಕ್ಷ್ಯ. ನೂರಾರು ಜಾತಿ ಬೆರೆತ ರಿಯಾಕ್ಟರ್‌ಗೆ ಕಾರ್ಬನ್ ಸುರಿದು ಮೀಥೇನ್ ಹೆಚ್ಚಾದಾಗ ಅದು ವಿದ್ಯುದ್ವಾಹಕತೆಯಿಂದಲೇ ಎನ್ನಲಾಗದು. ಅದೇ ಕಾರ್ಬನ್ ಆಮ್ಲಗಳನ್ನೂ ವಿಷವನ್ನೂ ಹೀರುತ್ತದೆ, ಅಂಟಲು ಜಾಗ ಕೊಡುತ್ತದೆ. ಬಯೋಚಾರ್‌ನ ಬೂದಿ ಕ್ಷಾರ ಕೊಡುತ್ತದೆ. ಮ್ಯಾಗ್ನೆಟೈಟ್ ಕಬ್ಬಿಣ ಕೊಡುತ್ತದೆ. ಇಂಥ ವರದಿ ಓದುವಾಗ ಒಂದೇ ಪ್ರಶ್ನೆ ಸಾಕು: ಅದೇ ಗಾತ್ರದ, ಅದೇ ಒರಟುತನದ, ವಿದ್ಯುತ್ ಹರಿಸದ ವಸ್ತುವಿನೊಂದಿಗೆ ಹೋಲಿಸಿದ್ದಾರೆಯೇ? ಏನೂ ಹಾಕದ ಬಾಟಲಿಯೊಂದಿಗೆ ಮಾತ್ರ ಹೋಲಿಸಿದ್ದರೆ ಆ ಲಾಭದ ಶ್ರೇಯ ಯಾವುದಕ್ಕೆ ಸೇರಬೇಕೆಂದು ಹೇಳಲಾಗದು. ಘಟಕ ನಡೆಸುವವರಿಗೆ ಕಾರಣ ಯಾವುದಾದರೇನು ಎನಿಸಬಹುದು. ಆದರೆ ಹೀರುವಿಕೆಯ ಲಾಭ ಕಾರ್ಬನ್ ತುಂಬಿಕೊಳ್ಳುವವರೆಗೆ ಮಾತ್ರ, ಕ್ಷಾರದ ಲಾಭ ಬೂದಿ ತೊಳೆದುಹೋಗುವವರೆಗೆ ಮಾತ್ರ. ಎರಡು ವಾರದ ಬಾಟಲಿ ಪರೀಕ್ಷೆಯಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಪುಡಿ ರೂಪದಲ್ಲಿ ಹಾಕಿದ ಮ್ಯಾಗ್ನೆಟೈಟ್ ಮತ್ತು ಬಯೋಚಾರ್ ಹರಿವಿನೊಂದಿಗೆ ಹೊರಹೋಗುವುದರಿಂದ ಮತ್ತೆ ಮತ್ತೆ ಸುರಿಯಬೇಕಾದೀತು. ಅದು ಮೀಡಿಯಾ ಅಲ್ಲ, ನಿತ್ಯದ ರಾಸಾಯನಿಕ ಖರ್ಚು.

ಆರಂಭದ ವಾರಗಳು

ಒಳ್ಳೆಯ ಮೀಡಿಯಾವನ್ನೂ ಆತುರದ ಆರಂಭ ಹಾಳುಮಾಡುತ್ತದೆ. ಪ್ಲಾಸ್ಟಿಕ್ ಮೀಡಿಯಾದ ಮೇಲೆ ಅಚ್ಚಿನಿಂದ ಬಂದ ಎಣ್ಣೆಯಂಥ ಪಸೆ ಇರಬಹುದು, ಕಲ್ಲು ಮತ್ತು ಕಾರ್ಬನ್‌ನಲ್ಲಿ ಧೂಳು. ಮೊದಲು ತೊಳೆಯಬೇಕು. ಆಮೇಲೆ ಬರಿ ನೀರು ಹರಿಸಿ, ಬೇರೆ ಬೇರೆ ವೇಗದಲ್ಲಿ ಮೀಡಿಯಾದ ಕೆಳಗೂ ಮೇಲೂ ಇರುವ ಒತ್ತಡದ ವ್ಯತ್ಯಾಸವನ್ನು ಬರೆದಿಡಬೇಕು. ಎರಡು ವರ್ಷದ ನಂತರ ಒಳಗೆ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಈ ಹಾಳೆಯೊಂದೇ ಆಧಾರ. ಇದನ್ನು ಬರೆದಿಡದ ಘಟಕಗಳೇ ಹೆಚ್ಚು.

ಬೀಜಕ್ಕೆ ನಡೆಯುತ್ತಿರುವ ಡೈಜೆಸ್ಟರ್‌ನ (ಗಾಳಿಯಿಲ್ಲದ ಜೀರ್ಣಕ್ರಿಯೆಯ ಟ್ಯಾಂಕಿನ) ಸ್ಲಡ್ಜ್, ರಿಯಾಕ್ಟರ್‌ನ ಗಾತ್ರದ ಶೇ. 10ರಿಂದ 30. ಒಂದೆರಡು ಮಿಲಿಮೀಟರ್ ಜರಡಿಯಲ್ಲಿ ಸೋಸಿ ಹಾಕಿದರೆ ಕೂದಲು, ನಾರು ಸಂದುಗಳಲ್ಲಿ ಸೇರುವುದಿಲ್ಲ. ಸಿಓಡಿ ಲೀಟರಿಗೆ 1,000ದಿಂದ 2,000 ಮಿಲಿಗ್ರಾಂ ಇರುವಂತೆ ನೀರನ್ನು ತೆಳುಮಾಡಿ ತುಂಬಿ, ಎರಡು ಮೂರು ದಿನ ಹೊರಗೆ ಬಿಡದೆ ಮೆಲ್ಲಗೆ ತಿರುಗಿಸಬೇಕು. ಅಂಟಲು ಮೊದಲ ಅವಕಾಶ ಸಿಗುವುದು ಆಗ. ನಂತರ ಘನ ಮೀಟರಿಗೆ ದಿನಕ್ಕೆ 0.5ರಿಂದ 1 ಕಿಲೋ ಲೋಡ್. ಸಿಓಡಿ ಶೇ. 80ರಷ್ಟು ಇಳಿಯುತ್ತಿದ್ದು, ಬಾಷ್ಪಶೀಲ ಆಮ್ಲ ಮತ್ತು ಕ್ಷಾರೀಯತೆಯ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿಯ) ಅನುಪಾತ 0.3ಕ್ಕಿಂತ ಕೆಳಗೆ ನಿಂತಾಗ ಮಾತ್ರ ಲೋಡನ್ನು ಶೇ. 20ರಿಂದ 30 ಏರಿಸುವುದು. 0.4 ದಾಟಿದರೆ ಏರಿಸುವುದನ್ನು ನಿಲ್ಲಿಸಬೇಕು; 0.8ರ ಹತ್ತಿರ ಬಂದರೆ ಫೀಡ್ ನಿಲ್ಲಿಸಿ, ಸೋಡಿಯಂ ಬೈಕಾರ್ಬನೇಟ್ ಹಾಕಿ ಕಾಯಬೇಕು. ಪಿಎಚ್ 6.8ರಿಂದ 7.4, ತಾಪಮಾನ 30ರಿಂದ 38 ಡಿಗ್ರಿ, ಸಿಓಡಿ ಸಾರಜನಕ ರಂಜಕ ಸುಮಾರು 350:5:1. ಕಬ್ಬಿಣ, ನಿಕಲ್, ಕೋಬಾಲ್ಟ್ ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಬರಿ ಸಕ್ಕರೆಯೋ ಆಲ್ಕೋಹಾಲೋ ಇರುವ ಕಾರ್ಖಾನೆಯ ನೀರಿನಲ್ಲಿ ಇವು ಇರುವುದಿಲ್ಲ. ಮೀಡಿಯಾದ ತಪ್ಪೆಂದು ತಿಳಿದದ್ದು ಕೋಬಾಲ್ಟ್‌ನ ಕೊರತೆಯಾಗಿರಬಹುದು.

ಪೂರ್ಣ ಲೋಡ್‌ಗೆ ಬರಲು ಎರಡರಿಂದ ಆರು ತಿಂಗಳು. ಮೀಡಿಯಾದ ಗುಣ ಈ ಅವಧಿಯನ್ನು ಕುಗ್ಗಿಸಬಲ್ಲದು, ಅಳಿಸಲಾರದು. ಎರಡು ವಾರದಲ್ಲಿ ಪದರ ಕಟ್ಟಿದೆ ಎಂದು ಯಾರಾದರೂ ತೋರಿಸಿದರೆ ಅದು ಬಹುಶಃ ಆಮ್ಲ ಉತ್ಪಾದಕರ ಲೋಳೆ. ಬೂದು ಬಿಳುಪು ಲೋಳೆ ಬೇಗ ಬೆಳೆಯುತ್ತದೆ, ಬೇಗ ಕಳಚುತ್ತದೆ. ಮೀಥೇನ್ ಮಾಡುವ ಬಲಿತ ಪದರ ಕಪ್ಪು, ತೆಳು, ಉಗುರಿನಿಂದ ಕೆರೆದರಷ್ಟೇ ಬಿಡುವಂಥದ್ದು.

ಕೆಡುವ ಬಗೆಗಳು

ಅತಿ ಸಾಮಾನ್ಯವಾದದ್ದು ಕಟ್ಟಿಕೊಳ್ಳುವುದು. ಕರಗದ ಘನವಸ್ತು ಲೀಟರಿಗೆ 500 ಮಿಲಿಗ್ರಾಂ ದಾಟುವ ನೀರನ್ನು ಕಲ್ಲಿನ ಫಿಲ್ಟರ್‌ಗೆ ನೇರ ಬಿಡಬಾರದು. ಒಂದೆಡೆ ಕಟ್ಟಿದರೆ ನೀರು ಇನ್ನೊಂದೆಡೆ ದಾರಿ ಮಾಡಿಕೊಂಡು ಓಡುತ್ತದೆ. ಟ್ಯಾಂಕಿನ ಅರ್ಧ ಸತ್ತಂತೆ. ಒತ್ತಡದ ವ್ಯತ್ಯಾಸ ಆಗ ಹೆಚ್ಚದೆಯೂ ಇರಬಹುದು, ಏಕೆಂದರೆ ಓಡುದಾರಿ ಸಲೀಸಾಗಿರುತ್ತದೆ. ಲಿಥಿಯಂ ಕ್ಲೋರೈಡನ್ನು ಒಮ್ಮೆಗೆ ಸೇರಿಸಿ ಹೊರಬರುವ ನೀರಿನ ಲಿಥಿಯಂ ಅಳೆದರೆ ಗೊತ್ತಾಗುತ್ತದೆ: ಲೆಕ್ಕದ ಅವಧಿಗೆ ಬಹಳ ಮೊದಲೇ ಶಿಖರ ಕಂಡು ಬಾಲ ಉದ್ದವಾಗಿದ್ದರೆ ಒಳಗೆ ಓಡುದಾರಿ ಇದೆ.

ಕ್ಯಾಲ್ಸಿಯಂ ಲೀಟರಿಗೆ ಹಲವು ನೂರು ಮಿಲಿಗ್ರಾಂ ಇರುವ ನೀರಿನಲ್ಲಿ ಸುಣ್ಣದ ಹೊರಪದರ ಬಯೋಫಿಲ್ಮ್‌ನೊಳಗೇ ಗಟ್ಟಿಯಾಗುತ್ತದೆ. ಮೇಲ್ಮೈ ಇದೆ, ಜೀವಿಯೂ ಇದೆ, ಆಹಾರ ಮಾತ್ರ ಒಳಹೋಗುವುದಿಲ್ಲ. ಅಮೋನಿಯಾ, ರಂಜಕ, ಮೆಗ್ನೀಸಿಯಂ ಮೂರೂ ಇದ್ದಲ್ಲಿ ಸ್ಟ್ರುವೈಟ್ ಹರಳು, ಅದರಲ್ಲೂ ಇಂಗಾಲದ ಡೈಆಕ್ಸೈಡ್ ತಪ್ಪಿಸಿಕೊಂಡು ಪಿಎಚ್ ಏರುವ ಹೊರಹರಿವಿನ ಪೈಪು, ಪಂಪುಗಳಲ್ಲಿ. ಕೊಬ್ಬು ಇನ್ನೊಂದು ಶತ್ರು: ಉದ್ದ ಸರಪಳಿಯ ಕೊಬ್ಬಿನಾಮ್ಲ ಪದರದ ಮೇಲೆ ಹೊದ್ದು ಕೂತು ಆಹಾರವನ್ನೂ ಗ್ಯಾಸನ್ನೂ ತಡೆಯುತ್ತದೆ, ಪದರಕ್ಕೆ ತೇಲುವ ಗುಣ ತರುತ್ತದೆ. ಇವೆಲ್ಲಕ್ಕೂ ಪರಿಹಾರ ಇರುವುದು ನೀರು ಮೀಡಿಯಾ ತಲುಪುವ ಮೊದಲಿನ ಹಂತದಲ್ಲಿ. ಮೀಡಿಯಾ ಬದಲಿಸಿ ಇವನ್ನು ಗೆಲ್ಲಲಾಗದು.

ವಸ್ತುವೇ ಕೈಕೊಡುವ ಸಂದರ್ಭಗಳೂ ಇವೆ. ಬಿದಿರು, ತೆಂಗಿನ ನಾರು ಅಗ್ಗ, ಮೈ ಒರಟು, ಜೀವಿಗಳು ಬೇಗ ಹಿಡಿಯುತ್ತವೆ. ಆದರೆ ಕಾಲಕ್ರಮೇಣ ಮೆತ್ತಗಾಗಿ ಕುಸಿಯುತ್ತವೆ. ಟೈರ್ ಚೂರಿನಿಂದ ಸತು ಬಿಡುಗಡೆಯಾಗುತ್ತದೆ. ಕಲಕುವ ಪ್ಲಾಸ್ಟಿಕ್ ಚಕ್ರಗಳು ಒಂದಕ್ಕೊಂದು ಉಜ್ಜಿ ಸವೆದು ಸೂಕ್ಷ್ಮ ಪ್ಲಾಸ್ಟಿಕ್ ಬಿಡುತ್ತವೆ. ನದಿಗೆ ಹೋಗುವ ನೀರಾದರೆ ಇದನ್ನು ಕಡೆಗಣಿಸುವಂತಿಲ್ಲ. ಪ್ಲಾಸ್ಟಿಕ್ ಮಾಡ್ಯೂಲ್ ಒಣಗಿದಾಗ ಘನ ಮೀಟರಿಗೆ ಹಲವು ಹತ್ತು ಕಿಲೋ ಮಾತ್ರ. ಅದೇ ಮಾಡ್ಯೂಲ್ ಸ್ಲಡ್ಜ್ ತುಂಬಿಕೊಂಡಿರುವಾಗ ಟ್ಯಾಂಕಿನ ನೀರನ್ನು ಒಮ್ಮೆಗೆ ಖಾಲಿ ಮಾಡಿದರೆ, ನೀರು ಹೊತ್ತಿದ್ದ ಭಾರವೆಲ್ಲ ಅದರ ಮೇಲೆ ಬಿದ್ದು ಕೆಳಗಿನ ಸಾಲು ಮುರಿಯುತ್ತದೆ. ಆಧಾರದ ತೊಲೆಗಳನ್ನು ಒಣ ತೂಕಕ್ಕಲ್ಲ, ಒದ್ದೆ ತೂಕಕ್ಕೆ ಲೆಕ್ಕ ಹಾಕಬೇಕು. ಖಾಲಿ ಮಾಡುವುದಿದ್ದರೆ ಮೊದಲು ಸ್ಲಡ್ಜ್ ತೆಗೆದು, ನಂತರ ನೀರನ್ನು ನಿಧಾನವಾಗಿ ಇಳಿಸಬೇಕು.

ಕೊಳ್ಳುವ ಮುನ್ನ ಪರೀಕ್ಷೆ

ಎರಡು ಮೂರು ಮೀಡಿಯಾಗಳ ನಡುವೆ ಆರಿಸಬೇಕಿದ್ದರೆ ಅವುಗಳ ತುಣುಕುಗಳನ್ನು ಬಲೆಚೀಲದಲ್ಲಿ ಕಟ್ಟಿ, ನಡೆಯುತ್ತಿರುವ ಒಂದೇ ರಿಯಾಕ್ಟರ್‌ನ ಒಂದೇ ಎತ್ತರದಲ್ಲಿ ಇಳಿಬಿಡಬಹುದು. ಎರಡು ವಾರಕ್ಕೊಂದು ಚೀಲ ತೆಗೆದು, ಸಡಿಲ ಸ್ಲಡ್ಜ್‌ಅನ್ನು ಮೆಲ್ಲಗೆ ಅದ್ದಿ ಬಿಡಿಸಿ, ಉಳಿದದ್ದನ್ನು ಕೆರೆದು ಒಣಗಿಸಿ 550 ಡಿಗ್ರಿಯಲ್ಲಿ ಸುಟ್ಟು ಚದರ ಮೀಟರಿಗೆ ಎಷ್ಟು ಗ್ರಾಂ ಸಾವಯವ ವಸ್ತು ಎಂದು ಲೆಕ್ಕ ಹಾಕುವುದು. ತೂಕವೊಂದೇ ಸಾಲದು, ಅದೇ ಪದರವನ್ನು ಆಸಿಟೇಟ್ ಹಾಕಿದ ಬಾಟಲಿಯಲ್ಲಿ ಇಟ್ಟು ಒಂದು ಗ್ರಾಂ ಪದರ ದಿನಕ್ಕೆ ಎಷ್ಟು ಮೀಥೇನ್ ಮಾಡುತ್ತದೆ ಎಂದೂ ಅಳೆಯಬೇಕು. ದಪ್ಪ ಪದರ ಹೊತ್ತ ತುಣುಕು ಈ ಎರಡನೇ ಪರೀಕ್ಷೆಯಲ್ಲಿ ತೆಳು ಪದರದ ತುಣುಕಿಗೆ ಸೋಲುವುದುಂಟು. ಕನಿಷ್ಠ ಮೂರು ತಿಂಗಳು ನಡೆಸದೆ ತೀರ್ಮಾನಿಸಬಾರದು, ಏಕೆಂದರೆ ಮೊದಲ ತಿಂಗಳಲ್ಲಿ ಮುಂದಿರುವ ವಸ್ತುವನ್ನು ನಯವಾದ ವಸ್ತು ಮೂರನೇ ತಿಂಗಳಲ್ಲಿ ಹಿಡಿಯಬಹುದು. ಹಾಗೆ ಹಿಡಿದರೆ, ಒರಟು ಮೈಗೆ ಕೊಡುವ ಹೆಚ್ಚಿನ ಬೆಲೆ ಎರಡು ತಿಂಗಳ ಬೇಗನೆಯ ಆರಂಭಕ್ಕೆ ಮಾತ್ರ. ಆ ಎರಡು ತಿಂಗಳ ಮೀಥೇನ್ ಮತ್ತು ಬೇರೆಡೆ ಸಂಸ್ಕರಿಸುವ ಖರ್ಚನ್ನು ಕೂಡಿ, ಬೆಲೆಯ ವ್ಯತ್ಯಾಸದ ಪಕ್ಕದಲ್ಲಿ ಬರೆದು ನೋಡಿ ಆರ್ಡರ್ ಹಾಕಬಹುದು.